ಆಪರೇಷನ್ ಆದವರನ್ನು ಮನೆಯಲ್ಲಿ ನೋಡಿಕೊಳ್ಳಲು ಯಾರು: ಮನೆಯವರೋ, ಆಯಾನೋ, ನರ್ಸೋ, ಆಸ್ಪತ್ರೆಯ ಹತ್ತಿರದ ಬಾಡಿಗೆ ಕೋಣೆಯೋ?

ಡಿಸ್ಚಾರ್ಜ್ ಕಾರ್ಡಿಗೆ ಸಹಿ ಬಿದ್ದು, ಬಿಲ್ ಕಟ್ಟಿ, ಗಾಡಿ ಕೆಳಗೆ ಬಂದು ನಿಂತ ಮೇಲೆ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: “ಸಿಸ್ಟರ್, ಮನ್ಯಾಗ ನೋಡಿಕೊಳ್ಳಾಕ ಯಾರನ್ನರ ಇಟಗೋಬೇಕೇನ್ರಿ, ಇಲ್ಲಾ ನಾವ ಸಾಕೇನ್ರಿ?” ವಿಜಯಪುರದಲ್ಲಿ ಶಸ್ತ್ರಚಿಕಿತ್ಸಾ ವಾರ್ಡಿನ ನರ್ಸಾಗಿ 19 ವರ್ಷ ದುಡಿದ ನಾನು ಈ ಪ್ರಶ್ನೆಗೆ ಲಿಫ್ಟಿನ ಬಾಗಿಲಲ್ಲಿ ನಿಂತು ಉತ್ತರ ಕೊಟ್ಟದ್ದೇ ಹೆಚ್ಚು. ಎರಡು ದಿನ ಮೊದಲೇ ಕೇಳಿದ್ದರೆ ಹಲವರ ಹಣ ಉಳಿಯುತ್ತಿತ್ತು, ಕೆಲವರು ಮತ್ತೆ ಆಸ್ಪತ್ರೆಗೆ ಬರುವುದೂ ತಪ್ಪುತ್ತಿತ್ತು. ಈಗಲೂ ಪರಿಚಯದವರು ಫೋನು ಮಾಡಿ ಇದನ್ನೇ ಕೇಳುವುದರಿಂದ, ನಮ್ಮ ಭಾಗದ ಕುಟುಂಬಗಳ ಮುಂದೆ ಇರುವ ದಾರಿಗಳನ್ನು ಒಂದರ ಪಕ್ಕ ಒಂದನ್ನಿಟ್ಟು ಬರೆಯುತ್ತಿದ್ದೇನೆ.

ದಾರಿಗಳು ಐದು. ಮನೆಯವರೇ ಎಲ್ಲವನ್ನೂ ನೋಡಿಕೊಳ್ಳುವುದು ಮೊದಲನೆಯದು. ಮನೆಯವರು ನೋಡಿಕೊಂಡು, ಡ್ರೆಸ್ಸಿಂಗಿಗೂ ಇಂಜೆಕ್ಷನ್ನಿಗೂ ಮಾತ್ರ ನರ್ಸ್ ಬಂದು ಹೋಗುವುದು ಎರಡನೆಯದು. ಹಗಲಿಗೋ ಹಗಲಿರುಳಿಗೋ ಆಯಾ ಅಥವಾ ಕೇರ್‌ಟೇಕರ್ ಇಟ್ಟುಕೊಳ್ಳುವುದು ಮೂರನೆಯದು. ನೋಂದಾಯಿತ ನರ್ಸನ್ನು ಪಾಳಿಯ ಲೆಕ್ಕದಲ್ಲಿ ಮನೆಯಲ್ಲೇ ಇರಿಸಿಕೊಳ್ಳುವುದು ನಾಲ್ಕನೆಯದು. ಊರಿಗೆ ಹೋಗದೆ ಆಸ್ಪತ್ರೆ ಇರುವ ಪಟ್ಟಣದಲ್ಲೇ ಬೀಗರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಕೆಲವು ದಿನ ಉಳಿಯುವುದು ಐದನೆಯದು.

ಯಾವುದರಿಂದ ಅಳೆಯಬೇಕು

ಆಸ್ಪತ್ರೆಗಳ ಗುಣಮಟ್ಟ ಅಳೆಯುವ ಜಾಯಿಂಟ್ ಕಮಿಷನ್ ಇಂಟರ್‌ನ್ಯಾಷನಲ್ ಸಂಸ್ಥೆ ರೋಗಿಯ ಸುರಕ್ಷತೆಗೆಂದು ಆರು ಗುರಿಗಳನ್ನು ಇಟ್ಟಿದೆ: ರೋಗಿಯನ್ನು ಸರಿಯಾಗಿ ಗುರುತಿಸುವುದು, ಮಾಹಿತಿಯನ್ನು ತಪ್ಪಿಲ್ಲದೆ ದಾಟಿಸುವುದು, ಹೆಚ್ಚು ಅಪಾಯದ ಔಷಧಿಗಳನ್ನು ಎಚ್ಚರದಿಂದ ಕೊಡುವುದು, ಸರಿಯಾದ ವ್ಯಕ್ತಿಗೆ ಸರಿಯಾದ ಜಾಗದಲ್ಲಿ ಶಸ್ತ್ರಚಿಕಿತ್ಸೆ ನಡೆಸುವುದು, ಸೋಂಕು ತಡೆಯುವುದು, ರೋಗಿ ಬೀಳದಂತೆ ನೋಡಿಕೊಳ್ಳುವುದು. ಇವುಗಳಲ್ಲಿ ಶಸ್ತ್ರಚಿಕಿತ್ಸೆಯ ಗುರಿ ಥಿಯೇಟರಿನಲ್ಲೇ ಮುಗಿಯುತ್ತದೆ, ಉಳಿದ ಐದು ರೋಗಿಯ ಜೊತೆಗೇ ಮನೆಗೆ ಬರುತ್ತವೆ. ಯಾರನ್ನು ಇಟ್ಟುಕೊಳ್ಳಬೇಕೆಂಬುದನ್ನು ಈ ಐದರಿಂದಲೇ ಅಳೆಯಬೇಕು.

ಮನೆಯಲ್ಲಿ ಗುರುತಿಸುವುದೇನು ಎಂದು ನಗಬೇಡಿರಿ. ಗಂಡನಿಗೂ ಹೆಂಡತಿಗೂ ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಇಬ್ಬರ ಮಾತ್ರೆಗಳೂ ಒಂದೇ ಬಿಸ್ಕತ್ತಿನ ಡಬ್ಬಿಯಲ್ಲಿರುತ್ತವೆ. ಆಪರೇಷನ್ ಆದವರ ಔಷಧಿಗೆ ಹೆಸರು ಬರೆದ ಬೇರೆ ಡಬ್ಬಿಯೇ ಬೇಕು. ಮಾಹಿತಿ ದಾಟಿಸುವುದು ಎಂದರೆ, ಬೆಳಗ್ಗೆ ನೋಡಿಕೊಂಡವರು ಕಂಡದ್ದನ್ನೂ ಕೊಟ್ಟದ್ದನ್ನೂ ರಾತ್ರಿ ನೋಡಿಕೊಳ್ಳುವವರು ಊಹೆ ಮಾಡಬೇಕಾಗದೆ ತಿಳಿದುಕೊಳ್ಳುವಂತಿರಬೇಕು. ಹೆಚ್ಚು ಅಪಾಯದ ಔಷಧಿಗಳಲ್ಲಿ ಮನೆಯವರೆಗೆ ಬರುವವು ಮುಖ್ಯವಾಗಿ ಮೂರು ಬಗೆ: ಇನ್ಸುಲಿನ್, ರಕ್ತ ತೆಳುವಾಗಿಸುವ ಇಂಜೆಕ್ಷನ್ ಅಥವಾ ಮಾತ್ರೆ, ಮತ್ತು ನಿದ್ದೆ ಮಂಪರು ತರುವ ಬಲವಾದ ನೋವುನಿವಾರಕಗಳು.

ಸೋಂಕಿನ ವಿಷಯಕ್ಕೆ ಒಂದು ಲೆಕ್ಕ ಗೊತ್ತಿರಬೇಕು. ಗಾಯದ ಸೋಂಕು ಕಾಣಿಸಿಕೊಳ್ಳಬಹುದಾದ ಅವಧಿಯನ್ನು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ನಂತರದ 30 ದಿನ ಎಂದೂ, ಕೃತಕ ಮೊಣಕಾಲಿನಂತಹ ವಸ್ತುವನ್ನು ಒಳಗೆ ಕೂರಿಸಿದ್ದರೆ 90 ದಿನ ಎಂದೂ ಹಿಡಿಯುತ್ತಾರೆ. ಹಣ ಕೊಟ್ಟು ಯಾರನ್ನೇ ಇಟ್ಟುಕೊಂಡರೂ ಅಷ್ಟು ದಿನ ಇಟ್ಟುಕೊಳ್ಳುವವರು ವಿರಳವಾದ್ದರಿಂದ, ಗಾಯವನ್ನು ಗಮನಿಸುವ ಕಣ್ಣು ಮನೆಯವರಲ್ಲಿ ಒಬ್ಬರಿಗಾದರೂ ಇರಲೇಬೇಕು.

ಐದನೆಯದು ಬೀಳುವುದು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಎತ್ತರದ ಹೊಸ್ತಿಲು, ನೀರು ಬಿದ್ದರೆ ಜಾರುವ ಕಲ್ಲುಹಾಸು, ಹಿತ್ತಲ ತುದಿಯಲ್ಲಿರುವ ಪಾಯಿಖಾನೆ ಇವು ಸಾಮಾನ್ಯ. ಹಗಲಿನಲ್ಲಿ ಹತ್ತು ಜನ ಕೈ ಹಿಡಿಯುತ್ತಾರೆ, ನಸುಕಿನ ಮೂರಕ್ಕೆ ಮೂತ್ರಕ್ಕೆಂದು ತಾವೇ ಎದ್ದು ಹೊರಟಾಗ ಬೀಳುತ್ತಾರೆ.

ಈ ಐದಕ್ಕೆ ಇನ್ನೆರಡನ್ನು ನಾನು ಸೇರಿಸುತ್ತೇನೆ. ಒಂದು, ಆಪರೇಷನ್ ಮಾಡಿದ ಡಾಕ್ಟರು ಇರುವ ಆಸ್ಪತ್ರೆ ಎಷ್ಟು ದೂರ. ಅಥಣಿ, ರಾಯಬಾಗದ ಕಡೆಯವರು ಮಿರಜಕ್ಕೆ ಹೋಗುತ್ತಾರೆ, ಇಂಡಿಯ ಕಡೆಯವರು ಸೋಲಾಪುರಕ್ಕೆ, ಬಾದಾಮಿ, ಹುನಗುಂದದವರು ಬಾಗಲಕೋಟೆಗೆ. ಗಾಯದಿಂದ ರಾತ್ರಿ ರಕ್ತ ಒಸರಿದರೆ ಯಾವ ರಸ್ತೆಯಲ್ಲಿ, ಯಾವ ಗಾಡಿಯಲ್ಲಿ, ಎಷ್ಟು ಹೊತ್ತು ಎಂಬುದಕ್ಕೆ ಉತ್ತರವಿರಬೇಕು. ಇನ್ನೊಂದು, ರೋಗಿಯ ಮೈಗೆ ಏನು ತೂಗುಬಿದ್ದಿದೆ: ಮೂತ್ರದ ನಳಿಕೆ, ಗಾಯದ ದ್ರವ ಹೊರತೆಗೆಯುವ ಡ್ರೈನ್, ಮೂಗಿನ ಆಹಾರ ನಳಿಕೆ, ಗಂಟಲಿನ ಉಸಿರಾಟದ ನಳಿಕೆ, ಕೈಯಲ್ಲಿ ಬಿಟ್ಟಿರುವ ಸಲೈನ್ ಸೂಜಿ. ವಯಸ್ಸಿಗಿಂತಲೂ ಆಪರೇಷನ್ನಿನ ಹೆಸರಿಗಿಂತಲೂ ಈ ನಳಿಕೆಗಳ ಲೆಕ್ಕವೇ ಯಾರು ಬೇಕೆಂಬುದನ್ನು ಹೆಚ್ಚು ಖಚಿತವಾಗಿ ಹೇಳುತ್ತದೆ.

ಮನೆಯವರೇ ನೋಡಿಕೊಳ್ಳುವುದು

ಖರ್ಚು ಕಡಿಮೆ ಎಂದು ಎಲ್ಲರೂ ಮೊದಲು ಆರಿಸುವ ದಾರಿ ಇದು, ಮತ್ತು ಬಹಳಷ್ಟು ಆಪರೇಷನ್ನುಗಳಿಗೆ ಇದು ಸಾಕು ಕೂಡ. ದುರ್ಬೀನಿನ ಮೂಲಕ ಪಿತ್ತಕೋಶವನ್ನೋ ಅಪೆಂಡಿಕ್ಸನ್ನೋ ತೆಗೆಸಿಕೊಂಡ, ಬೇರೆ ಕಾಯಿಲೆ ಇಲ್ಲದ ನಡುವಯಸ್ಸಿನವರಿಗೆ ಹೊರಗಿನವರನ್ನು ಇಟ್ಟುಕೊಳ್ಳುವುದು ಹಣದ ಪೋಲು. ಗುರುತು, ನಂಬಿಕೆ, ರಾತ್ರಿ ಎದ್ದು ನೋಡುವ ಕಾಳಜಿ ಇವುಗಳಲ್ಲಿ ಮನೆಯವರನ್ನು ಮೀರಿಸುವವರಿಲ್ಲ.

ಸೋಲುವುದು ಮಾಹಿತಿ ದಾಟಿಸುವುದರಲ್ಲಿ. ನನ್ನ ಅವ್ವನಿಗೆ ಪಿತ್ತಕೋಶದ ಆಪರೇಷನ್ ಆದಾಗ ನಮ್ಮ ಮನೆಯಲ್ಲೇ ಹೀಗಾಯಿತು. ಹೊಲಕ್ಕೆ ಹೊರಟಿದ್ದ ವೈನಿ ಬೆಳಗ್ಗೆ ಏಳಕ್ಕೆ ಸಕ್ಕರೆ ಮಾತ್ರೆ ಕೊಟ್ಟು ಹೋಗಿದ್ದರು, ಒಂಬತ್ತಕ್ಕೆ ಎದ್ದು ಬಂದ ತಂಗಿ ಅದೇ ಮಾತ್ರೆಯನ್ನು ಇನ್ನೊಮ್ಮೆ ಕೊಟ್ಟಳು, ಅವ್ವ ಅರ್ಧ ರೊಟ್ಟಿಯನ್ನೂ ತಿಂದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಬೆವತು, ಮಾತು ತೊದಲಿ, ಸಕ್ಕರೆ 52ಕ್ಕೆ ಇಳಿದಿತ್ತು. ನಾನು ಡ್ಯೂಟಿಯಲ್ಲಿ ಬೇರೆಯವರ ಸಕ್ಕರೆ ನೋಡುತ್ತಿದ್ದೆ. ಇಬ್ಬರದೂ ಪ್ರೀತಿಯೇ ಆಗಿತ್ತು, ನಡುವೆ ಒಂದು ನೋಟ್‌ಬುಕ್ ಇರಲಿಲ್ಲ ಅಷ್ಟೇ.

ಆದ್ದರಿಂದ ಈ ದಾರಿ ಆರಿಸುವವರು ಮೊದಲು ಕೊಳ್ಳಬೇಕಾದದ್ದು ನೂರು ಪುಟದ ನೋಟ್‌ಬುಕ್ಕು. ಸಮಯ, ಕೊಟ್ಟ ಔಷಧಿ, ಕೊಟ್ಟವರ ಹೆಸರು, ಜ್ವರ, ಮೂತ್ರ, ಡ್ರೈನ್ ಇದ್ದರೆ ಎಷ್ಟು ಮಿಲಿಲೀಟರ್ ಮತ್ತು ಯಾವ ಬಣ್ಣ ಎಂದು ಗೆರೆ ಹಾಕಿ ಬರೆದಿಡಬೇಕು. ಮಾತ್ರೆ ನುಂಗಿಸಿದ ಮೇಲೆ ಬರೆಯಬೇಕೇ ಹೊರತು, ನುಂಗಿಸುವ ಮುನ್ನ ಬರೆದಿಟ್ಟು ಮರೆಯಬಾರದು. ಡಾಕ್ಟರು ಫೋನಿನಲ್ಲಿ ಡೋಸು ಬದಲಿಸಿ ಹೇಳಿದರೆ ಬರೆದುಕೊಂಡು ಅವರಿಗೇ ತಿರುಗಿ ಓದಿ ಹೇಳಿ ಖಚಿತಪಡಿಸಿಕೊಳ್ಳಬೇಕು. ವಾರ್ಡಿನಲ್ಲಿ ನಾವು ಮಾಡುವುದೂ ಇದನ್ನೇ.

ಕೈತೊಳೆಯುವುದು ಎರಡನೆಯ ದುರ್ಬಲ ಜಾಗ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸಾಬೂನು ನೀರಿನಿಂದಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರಿನಿಂದಾದರೆ 20ರಿಂದ 30 ಸೆಕೆಂಡು ಕೈ ಉಜ್ಜಬೇಕು, ಕೈ ಕಣ್ಣಿಗೆ ಕಾಣುವಂತೆ ಕೊಳೆಯಾಗಿದ್ದರೆ ಸಾಬೂನೇ ಬೇಕು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಓಣಿಗಳಲ್ಲಿ ಎಲ್ಲರೂ ಒಂದೇ ಬಕೆಟ್ಟಿಗೆ ಕೈ ಅದ್ದುವ ರೂಢಿ ಇದೆ. ತೂತಿಗೆ ನಲ್ಲಿ ಕೂರಿಸಿದ ಪ್ಲಾಸ್ಟಿಕ್ ಡ್ರಮ್ಮನ್ನು ರೋಗಿಯ ಕೋಣೆಯ ಬಾಗಿಲಲ್ಲಿ ಇಟ್ಟರೆ ಆ ತೊಂದರೆ ತಪ್ಪುತ್ತದೆ. ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ಬೂದಿ ಯಾವುದೂ ಬೇಡ. ಹೊಲಿಗೆ ಕೀವಾಗುತ್ತದೆಂದು ಬೇಳೆ, ಮೊಟ್ಟೆ ಬಿಡಿಸಿ ಬರೀ ಗಂಜಿ ಕುಡಿಸುವುದೂ ಬೇಡ, ಡಾಕ್ಟರು ಪಥ್ಯ ಹೇಳಿರದಿದ್ದರೆ ಗಾಯ ಮಾಯಲು ಬೇಕಾದ ಪ್ರೋಟೀನು ಇರುವುದೇ ಅವುಗಳಲ್ಲಿ. ಇನ್ನು, ಮಾತಾಡಿಸಲು ಬರುವ ಬೀಗರು, ನೆಂಟರು ಹಾಸಿಗೆಯ ಅಂಚಿನಲ್ಲಿ ಕೂಡುವುದನ್ನು ತಡೆಯಬಲ್ಲ ಒಬ್ಬ ಗಟ್ಟಿಗರು ಮನೆಯಲ್ಲಿದ್ದರೆ ಸೋಂಕಿನ ಅರ್ಧ ಕಾಳಜಿ ಮುಗಿದಂತೆ.

ಬಂದು ಹೋಗುವ ನರ್ಸ್

ನನ್ನ ಅಭಿಪ್ರಾಯದಲ್ಲಿ, ಮಧ್ಯಮ ವರ್ಗದ ಹೆಚ್ಚಿನ ಕುಟುಂಬಗಳಿಗೆ ಸರಿಹೊಂದುವುದೂ, ಅವರು ಕಡೆಗಣಿಸುವುದೂ ಇದೇ ದಾರಿ. ದಿನದ 24 ಗಂಟೆಗಳಲ್ಲಿ ಕೌಶಲ ಬೇಕಾಗುವುದು ಅರ್ಧ ಗಂಟೆ ಮಾತ್ರ: ಡ್ರೆಸ್ಸಿಂಗ್ ಬದಲಿಸುವಾಗ, ಇಂಜೆಕ್ಷನ್ ಕೊಡುವಾಗ, ನಳಿಕೆ ನೋಡುವಾಗ. ಉಳಿದ ಹೊತ್ತಿಗೆ ಬೇಕಾದದ್ದು ಎರಡು ಕೈ ಮತ್ತು ಎಚ್ಚರ. ದಿನಕ್ಕೆ 1,000 ರೂಪಾಯಿ ಎಂದು ಹಿಡಿದು ಹಗಲಿರುಳು ಒಬ್ಬರನ್ನು 14 ದಿನ ಇಟ್ಟುಕೊಂಡರೆ 14,000 ಆಗುತ್ತದೆ. ಒಂದು ಭೇಟಿಗೆ 300 ಎಂದು ಹಿಡಿದು ದಿನ ಬಿಟ್ಟು ದಿನ ಏಳು ಸಲ ನರ್ಸ್ ಬಂದರೆ 2,100. ಈ ದರಗಳು ಲೆಕ್ಕಕ್ಕೆ ಹಿಡಿದವು, ನಿಮ್ಮ ಊರಿನ ದರ ಹಾಕಿ ನೀವೇ ಗುಣಿಸಿ ನೋಡಿರಿ. ಅಂತರ ಎದ್ದು ಕಾಣುತ್ತದೆ, ಮತ್ತು ಕಡಿಮೆ ಹಣಕ್ಕೆ ಹೆಚ್ಚು ತರಬೇತಿ ಪಡೆದ ಕೈ ಸಿಕ್ಕಿರುತ್ತದೆ.

ಆದರೆ ಬರುವವರು ಯಾರು ಎಂಬುದೇ ಇಲ್ಲಿ ಎಲ್ಲ. ಬಿಳಿ ಕೋಟು ಹಾಕಿದವರನ್ನೆಲ್ಲ ನಮ್ಮಲ್ಲಿ ಸಿಸ್ಟರ್ ಎಂದೇ ಕರೆಯುತ್ತಾರೆ. ನರ್ಸ್ ಆಗಲು ಓದುವ ಕೋರ್ಸುಗಳಲ್ಲಿ ಎಎನ್ಎಂ ಎರಡು ವರ್ಷದ್ದು, ಜಿಎನ್ಎಂ ಮೂರು, ಬಿಎಸ್ಸಿ ನರ್ಸಿಂಗ್ ನಾಲ್ಕು. ಇವುಗಳಲ್ಲಿ ಒಂದನ್ನು ಓದಿದವರಿಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಮಹಾರಾಷ್ಟ್ರದಲ್ಲಿ ಓದಿದವರಿಗೆ ಅಲ್ಲಿನ ಪರಿಷತ್ತಿನದು. ಕೇಳುವುದರಲ್ಲಿ ಸಂಕೋಚವೇನೂ ಬೇಡ, ನಿಜವಾದ ನರ್ಸ್ ಅದನ್ನು ಬೇಸರವಿಲ್ಲದೆ ತೋರಿಸುತ್ತಾರೆ. ಔಷಧಿ ಅಂಗಡಿಯಲ್ಲೋ ದವಾಖಾನೆಯಲ್ಲೋ ಕೆಲಸ ನೋಡಿ ಕಲಿತ ಕಂಪೌಂಡರು ಎಷ್ಟೇ ಕೈಗುಣದವರೆಂದು ಹೆಸರಾಗಿದ್ದರೂ ಈ ಕೆಲಸಕ್ಕೆ ಬೇಡ.

ಬಂದವರು ಡಿಸ್ಚಾರ್ಜ್ ಕಾರ್ಡನ್ನು ಓದಿದರೇ, ಕೈ ತೊಳೆದ ಮೇಲೆ ಗ್ಲೌಸ್ ಹಾಕಿದರೇ, ಹಳೆಯ ಪಟ್ಟಿ ಬಿಚ್ಚಿದ ಗ್ಲೌಸಿನಿಂದಲೇ ಹೊಸ ಪಟ್ಟಿ ಮುಟ್ಟಿದರೇ, ಹಿಂದಿನ ಸಲ ತೆರೆದಿಟ್ಟ ಸಲೈನ್ ಬಾಟಲಿಯನ್ನೇ ಮತ್ತೆ ಬಳಸಿದರೇ, ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋದರೇ ಎಂಬುದನ್ನು ಮೊದಲ ಭೇಟಿಯಲ್ಲೇ ಗಮನಿಸಿರಿ. ಸೂಜಿಗಳು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಬೀಳಬೇಕು, ಡಬ್ಬಿ ಆಸ್ಪತ್ರೆಗೆ ವಾಪಸು ಹೋಗಬೇಕು. ಕಸದ ಗಾಡಿಯವರು ಬರಿಗೈಯಲ್ಲಿ ಕಸ ಬೇರ್ಪಡಿಸುತ್ತಾರೆಂಬುದು ನೆನಪಿರಲಿ.

ಹಳ್ಳಿಯಲ್ಲಿ ಮನೆಗೆ ಬರುವ ನರ್ಸ್ ಸಿಗದಿದ್ದರೆ, ನಡೆದಾಡಬಲ್ಲ ರೋಗಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಾರ್ಡಿನ ಸಮೇತ ಕರೆದೊಯ್ಯುವುದು ಸರಿಯಾದ ಬದಲಿ. ಮನೆಗೆ ಬಂದು ಗಾಯ ತೊಳೆಯಿರಿ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಬೇಡಿರಿ, ಅದು ಅವರ ಕೆಲಸವಲ್ಲ. ನರ್ಸ್ ಇಲ್ಲದ ಹೊತ್ತಿನಲ್ಲಿ ಏನಾದರೂ ಆದರೆ ಅದನ್ನು ಗುರುತಿಸಬೇಕಾದವರು ಮನೆಯವರೇ ಆಗಿರುವುದು ಈ ದಾರಿಯ ಕೊರತೆ.

ಆಯಾ ಅಥವಾ ಕೇರ್‌ಟೇಕರ್

ಇವರು ಕೊಡುವುದು ಕೈಬಲ, ಕೌಶಲವಲ್ಲ. ಎಬ್ಬಿಸಿ ಕೂರಿಸಲು, ಸ್ನಾನ ಮಾಡಿಸಲು, ಮಲಮೂತ್ರ ನೋಡಲು, ಎದ್ದು ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಕೈಬಲ ಬೇಕೇ ಬೇಕು. ಗಂಡಹೆಂಡತಿ ಇಬ್ಬರೂ ನೌಕರಿಗೆ ಹೋಗುವ, ದಪ್ಪ ಮೈಯ ಅಜ್ಜಿಯ ಸೊಂಟದ ಮೂಳೆಗೆ ಆಪರೇಷನ್ ಆಗಿರುವ ಮನೆಯಲ್ಲಿ ಆಯಾ ಇಲ್ಲದೆ ಆಗುವುದಿಲ್ಲ, ಬೀಳುವ ಅಪಾಯವನ್ನು ಇವರಷ್ಟು ಕಡಿಮೆ ಮಾಡುವವರೂ ಇಲ್ಲ.

ತಪ್ಪು ನಡೆಯುವುದು, ಹೇಗೂ ಇದ್ದಾರಲ್ಲ ಎಂದು ಇನ್ಸುಲಿನ್ನನ್ನೂ ಡ್ರೆಸ್ಸಿಂಗನ್ನೂ ಅವರಿಗೇ ಒಪ್ಪಿಸಿದಾಗ. ಹಾಗೆ ಒಪ್ಪಿಸುವುದು ರೋಗಿಗೂ ಅನ್ಯಾಯ, ಆಯಾಗೂ ಅನ್ಯಾಯ. ಏನು ಮಾಡಬೇಕು, ಏನನ್ನು ಮುಟ್ಟಬಾರದು ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಓದು ಬಾರದವರಾದರೆ ಬಾಯಲ್ಲಿ ಹೇಳಿ, ಅವರಿಂದಲೇ ಇನ್ನೊಮ್ಮೆ ಹೇಳಿಸಿರಿ. ಮೂತ್ರದ ಚೀಲ ಯಾವಾಗಲೂ ಸೊಂಟದ ಮಟ್ಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ಇರಬೇಕೆಂಬುದನ್ನು ಮಾತ್ರ ಮಾಡಿ ತೋರಿಸಬೇಕು, ಹೇಳಿದರೆ ಸಾಲದು. ಅಂದಹಾಗೆ, 24 ಗಂಟೆಯ ಆಯಾ ಎಂಬ ಮಾತನ್ನು ನಂಬಬೇಡಿರಿ. ಹಗಲೆಲ್ಲ ದುಡಿದವರು ರಾತ್ರಿ ಮಲಗಲೇಬೇಕು, ಮತ್ತು ರೋಗಿಗಳು ಬೀಳುವುದು ರಾತ್ರಿಯೇ. ಒಬ್ಬರನ್ನೇ ಇಟ್ಟುಕೊಳ್ಳುವಷ್ಟು ಹಣವಿದ್ದರೆ, ಹಗಲಿಗೆ ಮನೆಯವರಿರುವ ಮನೆಗಳಲ್ಲಿ ರಾತ್ರಿಯ ಪಾಳಿಗೆ ಇಟ್ಟುಕೊಳ್ಳುವುದು ಜಾಣತನ.

ಪಾಳಿಯ ನರ್ಸ್

ಎಲ್ಲಕ್ಕಿಂತ ದುಬಾರಿ, ಐದು ಗುರಿಗಳನ್ನೂ ಒಟ್ಟಿಗೆ ನೋಡಿದರೆ ಎಲ್ಲಕ್ಕಿಂತ ಭದ್ರ. ಗಂಟಲಿನ ನಳಿಕೆ, ಮೂಗಿನ ಆಹಾರ ನಳಿಕೆ, ದಿನಕ್ಕೆ ಹಲವು ಸಲ ರಕ್ತನಾಳದ ಇಂಜೆಕ್ಷನ್ ಇರುವ ರೋಗಿಗೆ ಇದಕ್ಕಿಂತ ಕಡಿಮೆಯದು ಸಾಲದು. ಅಂಥವರನ್ನು ಮನೆಗೆ ಕರೆತಂದು ಹಣ ಉಳಿಸಲು ಹೋಗುವುದಕ್ಕಿಂತ ಆಸ್ಪತ್ರೆಯಲ್ಲೇ ಇನ್ನಷ್ಟು ದಿನ ಇರಿಸುವ ಬಗ್ಗೆ ಡಾಕ್ಟರೊಂದಿಗೆ ಮಾತಾಡುವುದು ಲೇಸು. ನರ್ಸ್ ಇದ್ದರೂ ಡಾಕ್ಟರು ಬರೆದುಕೊಟ್ಟಿರದ ಇಂಜೆಕ್ಷನ್ನನ್ನು ಕೊಡಬಾರದು, ಹೊಸ ಆ್ಯಂಟಿಬಯಾಟಿಕ್ಕಿನ ಮೊದಲ ಡೋಸು ಆಸ್ಪತ್ರೆಯಲ್ಲೇ ಆಗಬೇಕು. ಅಲರ್ಜಿ ಆದರೆ ಉಸಿರಿಗೆ ಬೇಕಾದದ್ದೆಲ್ಲ ಮನೆಯಲ್ಲಿರುವುದಿಲ್ಲ. ಆಕ್ಸಿಜನ್ ಯಂತ್ರ ಬೇಕಿದ್ದರೆ ಕರೆಂಟು ಹೋದಾಗಿನ ಏರ್ಪಾಡನ್ನು ಮೊದಲೇ ಮಾಡಿರಿ. ವಿಜಯಪುರದ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ 25 ಡಿಗ್ರಿಯೊಳಗೆ ಇಡಬೇಕಾದ ರಕ್ತ ತೆಳುವಾಗಿಸುವ ಇಂಜೆಕ್ಷನ್ನನ್ನು ಪಡಸಾಲೆಯ ಗೂಡಿನಲ್ಲಿ ಇಡುವಂತಿಲ್ಲ. ತಂಪಾದ ಜಾಗದಲ್ಲಿ ಇಡಬೇಕು, ಐಸಿನ ಖಾನೆಯಲ್ಲಿ ಮಾತ್ರ ಇಡಬಾರದು.

ದುಬಾರಿಯಾದ ಈ ದಾರಿಯನ್ನು ಪೂರ್ತಿ ಅವಧಿಗೆ ಆರಿಸಬೇಕಿಲ್ಲ. ಮೊದಲ ಮೂರು ನಾಲ್ಕು ದಿನ ನರ್ಸನ್ನು ಇಟ್ಟುಕೊಂಡು, ಮನೆಯವರೂ ಆಯಾನೂ ಅವರಿಂದ ಕೈಕೆಲಸ ಕಲಿತ ಮೇಲೆ ಎರಡನೆಯ ದಾರಿಗೆ ಇಳಿಯುವುದು ನಾನು ಕಂಡ ಒಳ್ಳೆಯ ಏರ್ಪಾಡುಗಳಲ್ಲಿ ಒಂದು.

ಪಟ್ಟಣದಲ್ಲೇ ಉಳಿಯುವುದು

ಸಿಂದಗಿಯಿಂದ ವಿಜಯಪುರಕ್ಕೆ 60 ಕಿ.ಮೀ. ಆಸುಪಾಸು. ಮೂರು ದಿನಕ್ಕೊಮ್ಮೆ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಬಾಡಿಗೆ ಕಾರಿನಲ್ಲಿ ಬಂದು ಹೋಗುವ ಖರ್ಚನ್ನೂ ತ್ರಾಸನ್ನೂ ಒಂದು ವಾರದ ಕೋಣೆಯ ಬಾಡಿಗೆಯ ಎದುರಿಗೆ ಇಟ್ಟು ತೂಗಬೇಕು. ಡ್ರೈನ್ ಇರುವವರಿಗೆ, ಹೊಟ್ಟೆಯ ದೊಡ್ಡ ಆಪರೇಷನ್ ಆದವರಿಗೆ, ಮಿರಜ ಅಥವಾ ಸೋಲಾಪುರದಂತೆ ದೂರದಲ್ಲಿ ಮಾಡಿಸಿಕೊಂಡವರಿಗೆ ಡಾಕ್ಟರು ಹತ್ತಿರವಿರುವ ಲಾಭ ದೊಡ್ಡದು. ಕೋಣೆ ನೋಡುವಾಗ ಮಂಚ, ಗಾಳಿ ನೋಡಿದ ಮೇಲೆ ಸಂಡಾಸು ನೋಡಿರಿ. ಮೊಣಕಾಲು, ಸೊಂಟದ ಆಪರೇಷನ್ ಆದವರಿಗೆ ಕುಕ್ಕರುಗಾಲಿನದು ಆಗದು, ಕಮೋಡಿನ ಕುರ್ಚಿಯಾದರೂ ಹಿಡಿಸುವಷ್ಟು ಜಾಗ ಬೇಕು. ಜೊತೆಗಿರುವವರ ಕೂಲಿಯೋ ರಜೆಯೋ ಕಳೆದುಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಾಗಾದರೆ ಯಾರಿಗೆ ಯಾವುದು

ನಳಿಕೆ ಇಲ್ಲ, ಇಂಜೆಕ್ಷನ್ ಇಲ್ಲ, ಎದ್ದು ನಡೆಯುತ್ತಾರೆ ಎಂದರೆ ಮನೆಯವರು ಮತ್ತು ನೋಟ್‌ಬುಕ್ಕು. ಸಿಸೇರಿಯನ್ ಆದ ಬಾಣಂತಿಗೂ ತೊಡಕಿಲ್ಲದಿದ್ದರೆ ಇದೇ. ಇಂಜೆಕ್ಷನ್ ಅಥವಾ ಡ್ರೆಸ್ಸಿಂಗ್ ಮಾತ್ರ ಇದ್ದರೆ, ಸಕ್ಕರೆ ಕಾಯಿಲೆ ಇದ್ದು ಗಾಯ ನಿಧಾನವಾಗಿ ಮಾಯುವಂತಿದ್ದರೆ, ಬಂದು ಹೋಗುವ ನರ್ಸ್. ಮೊಣಕಾಲು ಅಥವಾ ಸೊಂಟದ ಕೀಲು ಬದಲಿಸಿಕೊಂಡ 65 ದಾಟಿದವರಿಗೆ ರಾತ್ರಿಯ ಆಯಾ ಮತ್ತು ಬಂದು ಹೋಗುವ ನರ್ಸ್ ಎರಡೂ ಬೇಕು, ಹಣ ಸಾಲದಿದ್ದರೆ ಆಯಾನ ಬದಲು ಮನೆಯ ಗಂಡಸರು ರಾತ್ರಿ ಪಾಳಿ ಹಂಚಿಕೊಳ್ಳಲಿ. ಹೆಣ್ಣುಮಕ್ಕಳ ಮೇಲೆಯೇ ಹಗಲಿರುಳು ಎರಡನ್ನೂ ಹೊರಿಸಿದ ಮನೆಗಳಲ್ಲಿ ಮೂರನೆಯ ದಿನಕ್ಕೇ ಮಾತ್ರೆ ತಪ್ಪುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಡ್ರೈನ್ ಇದ್ದು ಊರು ದೂರವಿದ್ದರೆ, ಅದನ್ನು ತೆಗೆಯುವವರೆಗೆ ಪಟ್ಟಣದ ಕೋಣೆ. ಗಂಟಲಿನ ನಳಿಕೆ ಇದ್ದರೆ ಪಾಳಿಯ ನರ್ಸ್, ಇಲ್ಲವೇ ಆಸ್ಪತ್ರೆ.

ಹಣದ ವಿಷಯದಲ್ಲಿ ಒಂದು ಮಾತು. ಆಯುಷ್ಮಾನ್ ಭಾರತ ಯೋಜನೆಯಡಿ ಆಪರೇಷನ್ ಆಗಿದ್ದರೆ, ಬಿಡುಗಡೆಯ ನಂತರದ 15 ದಿನಗಳ ಔಷಧಿ, ಪರೀಕ್ಷೆಗಳ ಖರ್ಚು ಅದರಲ್ಲೇ ಸೇರಿರುತ್ತದೆ. ಆಸ್ಪತ್ರೆ ಬಿಡುವ ಮುನ್ನ, ಈ ಯೋಜನೆಯ ಕೆಲಸ ನೋಡಲು ಅಲ್ಲಿರುವ ಆರೋಗ್ಯ ಮಿತ್ರರನ್ನು ಕೇಳಿ ತಿಳಿದುಕೊಳ್ಳಿರಿ. ಅಲ್ಲಿ ಉಳಿದ ಹಣವನ್ನು ನರ್ಸ್ ಭೇಟಿಗೆ ಹಾಕಬಹುದು. ಖಾಸಗಿ ವಿಮೆಯಿದ್ದರೆ ಮನೆಯ ಶುಶ್ರೂಷೆಯ ಖರ್ಚು ಸಿಗುವುದೇ ಎಂದು ಪಾಲಿಸಿಯಲ್ಲಿ ಓದಿ ನೋಡಿರಿ.

ಯಾವ ದಾರಿ ಆರಿಸಿದ್ದರೂ ಅದನ್ನು ಅಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ: ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕೀವು ಅಥವಾ ದುರ್ವಾಸನೆ ಬಂದರೆ, ಪಟ್ಟಿ ರಕ್ತದಲ್ಲಿ ತೊಯ್ದರೆ, ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ಎಂಟು ಗಂಟೆಯಾದರೂ ಮೂತ್ರ ಬರದಿದ್ದರೆ. ಏದುಸಿರು, ಎದೆನೋವು ಬಂದರೆ ಅಥವಾ ಪ್ರಜ್ಞೆ ಮಸುಕಾದರೆ ಗಾಡಿ ಹುಡುಕದೆ 108ಕ್ಕೆ ಫೋನು ಮಾಡಿರಿ. ಅದೇ ಪುಟದ ಕೆಳಗೆ ವಾರ್ಡಿನ ಫೋನ್ ನಂಬರನ್ನೂ, ಹೊಲಿಗೆ ಬಿಚ್ಚಿಸಲು ಹೋಗಬೇಕಾದ ತಾರೀಖನ್ನೂ ಡಿಸ್ಚಾರ್ಜಿನ ಹಿಂದಿನ ಸಂಜೆಯೇ ಸಿಸ್ಟರ್ ಕೈಯಲ್ಲಿ ಬರೆಸಿಕೊಳ್ಳಿರಿ. ಮರುದಿನ ಬೆಳಗ್ಗೆ ಬಿಲ್ಲಿನ ಸಾಲಿನಲ್ಲಿ ನಿಂತ ಮೇಲೆ ಅದು ನಿಮಗೂ ನೆನಪಾಗುವುದಿಲ್ಲ, ನಮಗೂ ಪುರುಸೊತ್ತಿರುವುದಿಲ್ಲ.